ಹ್ಯಾಸ್ಕೆಲ್‌ನಲ್ಲಿ ಪೂರ್ಣಾಂಕದ ಮುಂದೆ ಸೊನ್ನೆ ತುಂಬುವ ಬಗೆ: ಒಂದು ಸಮಗ್ರ ಮಾರ್ಗದರ್ಶಿ

ಹಳೆಯ ಕನ್ನಡ ಪುಸ್ತಕವೊಂದರ 312 ಪುಟಗಳನ್ನು ಸ್ಕ್ಯಾನ್ ಮಾಡಿ, ಚಿತ್ರಗಳಿಗೆ "ಪುಟ-1", "ಪುಟ-2" ಎಂದು ಪ್ರೋಗ್ರಾಮಿನಿಂದಲೇ ಹೆಸರು ಕೊಡಿಸಿ, ಎಲ್ಲವನ್ನೂ ಒಂದೇ ಪಿಡಿಎಫ್ ಆಗಿ ಜೋಡಿಸಿದ್ದೆ. ತೆರೆದು ನೋಡಿದಾಗ 1ನೆಯ ಪುಟದ ಬೆನ್ನಿಗೆ 10, ಅದರ ಬೆನ್ನಿಗೆ 100, ಆಮೇಲೆ 101 ಬಂದಿದ್ದವು. ಪುಸ್ತಕದ 2ನೆಯ ಪುಟ 199ನೆಯದರ ನಂತರ, ಅಂದರೆ 112ನೆಯ ಸ್ಥಾನದಲ್ಲಿ ಕುಳಿತಿತ್ತು. ಕಡತಗಳ ಹೆಸರನ್ನು ಜೋಡಿಸುವ ಸಾಧನಗಳಲ್ಲಿ ಹೆಚ್ಚಿನವು ಅದನ್ನು ಸಂಖ್ಯೆಯೆಂದು ನೋಡುವುದಿಲ್ಲ. ನಿಘಂಟಿನ ಪದಗಳಂತೆ ಎಡದಿಂದ ಒಂದೊಂದೇ ಅಕ್ಷರವನ್ನು ಹೋಲಿಸುತ್ತವೆ. ಹಾಗೆ ಹೋಲಿಸುವಾಗ "10" ಎಂಬುದು "2"ಕ್ಕಿಂತ ಮೊದಲು ಬರುವುದು ಸಹಜ. ಹೆಸರುಗಳು "ಪುಟ-001", "ಪುಟ-002" ಎಂದಿದ್ದಿದ್ದರೆ ಅಕ್ಷರದ ಕ್ರಮವೂ ಸಂಖ್ಯೆಯ ಕ್ರಮವೂ ಒಂದೇ ಆಗಿರುತ್ತಿತ್ತು.

ಈ ಸೊನ್ನೆ ತುಂಬುವ ಕೆಲಸವನ್ನು ಹ್ಯಾಸ್ಕೆಲ್ ಭಾಷೆಯಲ್ಲಿ ಮಾಡುವ ಬಗೆಯನ್ನು ಮೊದಲಿನಿಂದ ಕೊನೆಯವರೆಗೆ ಇಲ್ಲಿ ವಿವರಿಸಿದ್ದೇನೆ. ಹ್ಯಾಸ್ಕೆಲ್ ಅನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ: ಅದು ಶುದ್ಧ ಫಂಕ್ಷನಲ್ ಭಾಷೆ, ಅದರ ಟೈಪ್ ವ್ಯವಸ್ಥೆ ನಮ್ಮ ಅನೇಕ ತಪ್ಪುಗಳನ್ನು ಹಿಡಿದುಕೊಡುತ್ತದೆ, ಆದರೆ ಇದೇ ಕೆಲಸದಲ್ಲಿ ಅದು ಹಿಡಿಯದೆ ಬಿಟ್ಟುಬಿಡುವ ತಪ್ಪುಗಳೂ ಕೆಲವಿವೆ. ಲೈಬ್ರರಿಯ ಹೆಸರುಗಳನ್ನು ಉಚ್ಚರಿಸುವಂತೆಯೇ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಎಡಿಟರ್‌ನಲ್ಲಿ ಅವುಗಳನ್ನು ರೋಮನ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ನಾನು ಇಟ್ಟಿರುವ ಕನ್ನಡ ಹೆಸರುಗಳ ಜಾಗದಲ್ಲಿ ನಿಮಗೆ ಒಪ್ಪುವ ಹೆಸರುಗಳನ್ನು ಇಟ್ಟುಕೊಳ್ಳಬಹುದು.

ಬರೆಯುವ ಮುನ್ನ ತೀರ್ಮಾನಿಸಬೇಕಾದದ್ದು

42 ಎಂಬ ಸಂಖ್ಯೆಗೂ 00042 ಎಂಬ ಸಂಖ್ಯೆಗೂ ಬೆಲೆಯಲ್ಲಿ ವ್ಯತ್ಯಾಸವಿಲ್ಲ. ಮುಂದಿನ ಸೊನ್ನೆಗಳು ಇರುವುದು ಬರಹದಲ್ಲಿ ಮಾತ್ರ. ಆದ್ದರಿಂದ ನಾವು ಬರೆಯುವ ಫಂಕ್ಷನ್ ಪೂರ್ಣಾಂಕವನ್ನು ತೆಗೆದುಕೊಂಡು ಸ್ಟ್ರಿಂಗ್ ಕೊಡಬೇಕೇ ಹೊರತು ಇನ್ನೊಂದು ಪೂರ್ಣಾಂಕವನ್ನಲ್ಲ. ಇದನ್ನು ಟೈಪ್‌ನಲ್ಲಿಯೇ ಹೇಳಿಬಿಡೋಣ:

ತುಂಬು :: ಇಂಟ್ -> ಇಂಟೀಜರ್ -> ಸ್ಟ್ರಿಂಗ್

ಮೊದಲ ಆರ್ಗ್ಯುಮೆಂಟ್ (ಫಂಕ್ಷನ್‌ಗೆ ಕೊಡುವ ಬೆಲೆ) ಅಗಲ, ಎರಡನೆಯದು ಸಂಖ್ಯೆ. ಇಂಟ್ ಎಂಬುದು ಗಾತ್ರಕ್ಕೆ ಮಿತಿಯಿರುವ ಪೂರ್ಣಾಂಕದ ಟೈಪ್, ಇಂಟೀಜರ್ ಮಿತಿಯಿಲ್ಲದ್ದು. ಅಗಲವನ್ನು ಮೊದಲು ಇಡುವುದರಿಂದ ಲಾಭವಿದೆ: "ತುಂಬು 3" ಎಂದು ಅರ್ಧ ಮಾತ್ರ ಅನ್ವಯಿಸಿದರೆ ಮೂರು ಅಂಕಿಗಳಿಗೆ ತುಂಬುವ ಹೊಸ ಫಂಕ್ಷನ್ ಸಿಗುತ್ತದೆ, ಅದನ್ನು ಪಟ್ಟಿಯ ಪ್ರತಿಯೊಂದಕ್ಕೂ ಫಂಕ್ಷನ್ ಅನ್ವಯಿಸುವ ಮ್ಯಾಪ್‌ಗೆ ನೇರವಾಗಿ ಕೊಡಬಹುದು.

ಇನ್ನು ಎರಡು ಪ್ರಶ್ನೆಗಳಿಗೆ ಕೋಡ್ ಬರೆಯುವ ಮೊದಲೇ ಉತ್ತರ ಬೇಕು. ಋಣ ಸಂಖ್ಯೆ ಬಂದರೆ ಅದರ ಚಿಹ್ನೆಯನ್ನು ಅಗಲದಲ್ಲಿ ಲೆಕ್ಕ ಹಿಡಿಯಬೇಕೇ? ಸಂಖ್ಯೆಯೇ ಅಗಲಕ್ಕಿಂತ ದೊಡ್ಡದಾದರೆ ಏನು ಮಾಡಬೇಕು? ನಾನು ನೋಡಿದ ದೋಷಗಳಲ್ಲಿ ಬಹುಪಾಲು ಈ ಎರಡಕ್ಕೆ ಉತ್ತರ ಹೇಳದೆ ಮುಂದೆ ಹೋದದ್ದರಿಂದಲೇ ಆದವು.

ಕೈಯಾರೆ ತುಂಬುವುದು

ಹ್ಯಾಸ್ಕೆಲ್‌ನಲ್ಲಿ ಸ್ಟ್ರಿಂಗ್ ಎಂದರೆ ಅಕ್ಷರಗಳ ಪಟ್ಟಿ. ಸಂಖ್ಯೆಯನ್ನು ಶೋ ಫಂಕ್ಷನ್‌ನಿಂದ ಸ್ಟ್ರಿಂಗ್ ಮಾಡಿಕೊಂಡು, ಅದರ ಉದ್ದವನ್ನು ಲೆಂಗ್ತ್‌ನಿಂದ ಅಳೆದು, ಕೊರತೆ ಬಿದ್ದಷ್ಟು ಸೊನ್ನೆಗಳನ್ನು ರೆಪ್ಲಿಕೇಟ್‌ನಿಂದ ತಯಾರಿಸಿ ಮುಂದೆ ಜೋಡಿಸಿದರೆ ಕೆಲಸ ಆಯಿತು:

ಸೊನ್ನೆಹಾಕು :: ಇಂಟ್ -> ಸ್ಟ್ರಿಂಗ್ -> ಸ್ಟ್ರಿಂಗ್
ಸೊನ್ನೆಹಾಕು ಅಗಲ ಅಂಕಿಗಳು =
  ರೆಪ್ಲಿಕೇಟ್ (ಅಗಲ - ಲೆಂಗ್ತ್ ಅಂಕಿಗಳು) '0' ++ ಅಂಕಿಗಳು

ಇಲ್ಲಿ '0' ಎಂಬುದು ಒಂಟಿ ಉದ್ಧರಣ ಚಿಹ್ನೆಯೊಳಗಿನ ಅಕ್ಷರ. ಅದು ಸಂಖ್ಯೆಯಲ್ಲ, ಸ್ಟ್ರಿಂಗ್ ಕೂಡ ಅಲ್ಲ. ಜೋಡಿ ಚಿಹ್ನೆ ಹಾಕಿದರೆ ಟೈಪ್ ಹೊಂದುವುದಿಲ್ಲವೆಂದು ಕಂಪೈಲರ್ ಹೇಳುತ್ತದೆ. ಅಂಕಿಗಳು ಅಗಲಕ್ಕಿಂತ ಹೆಚ್ಚಿದ್ದಾಗ ಕಳೆಯುವ ಲೆಕ್ಕ ಋಣವಾಗುತ್ತದೆ, ಆದರೆ ರೆಪ್ಲಿಕೇಟ್‌ಗೆ ಋಣ ಎಣಿಕೆ ಕೊಟ್ಟರೆ ಅದು ಖಾಲಿ ಪಟ್ಟಿಯನ್ನು ಕೊಡುತ್ತದೆ. ಹೀಗಾಗಿ ದೊಡ್ಡ ಸಂಖ್ಯೆ ಕತ್ತರಿಸಿಹೋಗದೆ ಇದ್ದ ಹಾಗೆಯೇ ಹೊರಬರುತ್ತದೆ, ಅದಕ್ಕೆಂದು ಬೇರೆ ಇಫ್ ಬೇಕಿಲ್ಲ.

ಇಷ್ಟರಲ್ಲೇ ತೃಪ್ತರಾಗಿ "ತುಂಬು ಅಗಲ ಸಂಖ್ಯೆ = ಸೊನ್ನೆಹಾಕು ಅಗಲ (ಶೋ ಸಂಖ್ಯೆ)" ಎಂದು ಬರೆದುಬಿಡುವುದೇ ಎಲ್ಲರೂ ಮೊದಲು ಮಾಡುವ ತಪ್ಪು. -42ನ್ನು ಐದರ ಅಗಲಕ್ಕೆ ತುಂಬಿಸಿ ನೋಡಿ. ಶೋ ಕೊಡುವ "-42" ಮೂರು ಅಕ್ಷರದ್ದು. ಅದರ ಮುಂದೆ ಎರಡು ಸೊನ್ನೆ ಬಿದ್ದು "00-42" ಎಂಬ ಬರಹ ಹುಟ್ಟುತ್ತದೆ. ಇದು ಸಂಖ್ಯೆಯೂ ಅಲ್ಲ, ಇದನ್ನು ತಿರುಗಿ ಓದಲೂ ಆಗುವುದಿಲ್ಲ. ಕಂಪೈಲರ್ ಇಲ್ಲಿ ಏನೂ ಹೇಳುವುದಿಲ್ಲ, ಏಕೆಂದರೆ ಟೈಪ್‌ಗಳೆಲ್ಲ ಸರಿಯಾಗಿಯೇ ಇವೆ.

ಬೆಲೆಯ ಆಕಾರ ನೋಡಿ ದಾರಿ ಆರಿಸುವ ಪ್ಯಾಟರ್ನ್ ಮ್ಯಾಚಿಂಗ್ ಇದನ್ನು ಅಂದವಾಗಿ ಸರಿಪಡಿಸುತ್ತದೆ:

ತುಂಬು ಅಗಲ ಸಂಖ್ಯೆ =
  ಕೇಸ್ ಶೋ ಸಂಖ್ಯೆ ಆಫ್
    '-' : ಉಳಿದದ್ದು -> '-' : ಸೊನ್ನೆಹಾಕು (ಅಗಲ - 1) ಉಳಿದದ್ದು
    ಅಂಕಿಗಳು -> ಸೊನ್ನೆಹಾಕು ಅಗಲ ಅಂಕಿಗಳು

ಬರಹ ಋಣ ಚಿಹ್ನೆಯಿಂದ ಶುರುವಾದರೆ ಅದನ್ನು ಬೇರ್ಪಡಿಸಿ, ಉಳಿದ ಅಂಕಿಗಳಿಗೆ ಒಂದು ಕಡಿಮೆ ಅಗಲದಲ್ಲಿ ಸೊನ್ನೆ ತುಂಬಿ, ಚಿಹ್ನೆಯನ್ನು ಮತ್ತೆ ಮುಂದೆ ಇಡುತ್ತೇವೆ. ಫಲ "-0042", ಒಟ್ಟು ಐದು ಅಕ್ಷರ. ಚಿಹ್ನೆಯನ್ನು ಅಗಲದ ಹೊರಗೆ ಇಡಬೇಕೆಂದರೆ "- 1" ತೆಗೆದರೆ ಸಾಕು, ಆಗ "-00042" ಸಿಗುತ್ತದೆ.

ಇದೇ ಕೆಲಸವನ್ನು ಆಬ್ಸ್ ಫಂಕ್ಷನ್‌ನಿಂದ ಚಿಹ್ನೆ ತೆಗೆದು ಮಾಡುವವರೂ ಇದ್ದಾರೆ. ಇಂಟೀಜರ್ ಟೈಪ್‌ಗೆ ಅದು ಸರಿ. ಆದರೆ 64 ಬಿಟ್‌ಗಳ ಇಂಟ್ ಟೈಪ್‌ನಲ್ಲಿ ಅತಿ ಸಣ್ಣ ಸಂಖ್ಯೆಯಾದ -9223372036854775808ಕ್ಕೆ ಸರಿಸಮವಾದ ಧನ ಸಂಖ್ಯೆ ಆ ಟೈಪ್‌ನೊಳಗೆ ಇಲ್ಲವೇ ಇಲ್ಲ. ಆಬ್ಸ್ ಅದನ್ನು ಋಣವಾಗಿಯೇ ಹಿಂತಿರುಗಿಸುತ್ತದೆ. ಆಮೇಲೆ ನೀವು ಮುಂದೊಂದು ಋಣ ಚಿಹ್ನೆ ಹಾಕಿದರೆ ಎರಡು ಚಿಹ್ನೆಗಳಾಗುತ್ತವೆ. ಬರಹವನ್ನೇ ನೋಡಿ ಚಿಹ್ನೆ ಬೇರ್ಪಡಿಸುವ ಮೇಲಿನ ವಿಧಾನಕ್ಕೆ ಈ ತೊಡಕಿಲ್ಲ. ಅದನ್ನೇ ನಾನು ಮೆಚ್ಚುವುದಕ್ಕೆ ಇದೂ ಒಂದು ಕಾರಣ.

ಪ್ರಿಂಟ್‌ಎಫ್ ಎಂಬ ಸಿದ್ಧ ದಾರಿ

ಹ್ಯಾಸ್ಕೆಲ್‌ನ ಬೇಸ್ ಪ್ಯಾಕೇಜಿನೊಳಗೇ ಟೆಕ್ಸ್ಟ್.ಪ್ರಿಂಟ್‌ಎಫ್ ಎಂಬ ಮಾಡ್ಯೂಲ್ ಇದೆ. ಬೇರೇನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಸಿ ಭಾಷೆ ಬಲ್ಲವರಿಗೆ ಅದರ ಬರವಣಿಗೆ ಪರಿಚಿತ:

ಪ್ರಿಂಟ್‌ಎಫ್ "%05ಡಿ" (42 :: ಇಂಟ್)

ಶೇಕಡಾ ಚಿಹ್ನೆಯಿಂದ ವಿನ್ಯಾಸ ಶುರುವಾಗುತ್ತದೆ. ಅದರ ನಂತರದ ಸೊನ್ನೆ "ಖಾಲಿ ಜಾಗವನ್ನು ಸೊನ್ನೆಯಿಂದ ತುಂಬು" ಎಂಬ ಸೂಚನೆ, 5 ಎಂಬುದು ಕನಿಷ್ಠ ಅಗಲ, ಡಿ ಎಂಬ ರೋಮನ್ ಸಣ್ಣಕ್ಷರ ದಶಮಾನ ಪೂರ್ಣಾಂಕದ ಗುರುತು. ಫಲ "00042". ಋಣ ಸಂಖ್ಯೆಗಳನ್ನು ಇದು ಸರಿಯಾಗಿಯೇ ನಿಭಾಯಿಸುತ್ತದೆ: -42 ಕೊಟ್ಟರೆ "-0042". ಸೊನ್ನೆಯ ಜಾಗದಲ್ಲಿ ಚುಕ್ಕೆ ಇಟ್ಟು "%.5ಡಿ" ಎಂದು ಬರೆದರೆ 5 ಎಂಬುದು ಅಂಕಿಗಳ ಕನಿಷ್ಠ ಸಂಖ್ಯೆಯಾಗುತ್ತದೆ, ಚಿಹ್ನೆ ಅದರ ಲೆಕ್ಕಕ್ಕೆ ಬರುವುದಿಲ್ಲ, ಫಲ "-00042". ಮೇಲೆ ಕೇಳಿಕೊಂಡ ಮೊದಲ ಪ್ರಶ್ನೆಗೆ ಎರಡು ಉತ್ತರಗಳೂ ಹೀಗೆ ಒಂದೇ ಸಾಧನದಲ್ಲಿ ಸಿಗುತ್ತವೆ. ಅಗಲ ಮೊದಲೇ ಗೊತ್ತಿಲ್ಲದಿದ್ದರೆ "%0*ಡಿ" ಎಂದು ನಕ್ಷತ್ರ ಚಿಹ್ನೆ ಇಟ್ಟು, ಅಗಲವನ್ನು ಸಂಖ್ಯೆಗಿಂತ ಮೊದಲು ಪ್ರತ್ಯೇಕ ಆರ್ಗ್ಯುಮೆಂಟಾಗಿ ಕೊಡಬಹುದು. ಡಿ ಬದಲು ರೋಮನ್ ಎಕ್ಸ್ ಬರೆದರೆ ಹದಿನಾರರ ಮಾನದ ಅಂಕಿಗಳು ಬರುತ್ತವೆ. ಬಣ್ಣದ ಸಂಕೇತಗಳಿಗೆ ಬೇಕಾಗುವ ಎರಡಂಕಿಯ ತುಣುಕುಗಳಿಗೆ "%02ಎಕ್ಸ್" ಹೇಳಿ ಮಾಡಿಸಿದಂತಿದೆ.

ಈಗ ಹೊಸಬರನ್ನು ಬಹಳ ಕಾಡುವ ವಿಷಯಕ್ಕೆ ಬರುತ್ತೇನೆ. ಜಿಎಚ್‌ಸಿಐ ಎಂಬ ಸಂವಾದದ ಪರದೆಯಲ್ಲಿ ಪ್ರಿಂಟ್‌ಎಫ್ "%05ಡಿ" 42 ಎಂದು ಟೈಪ್ ಸೂಚನೆಯಿಲ್ಲದೆ ಬರೆದರೂ ಸರಾಗವಾಗಿ ಉತ್ತರ ಬರುತ್ತದೆ. ಅದೇ ಸಾಲನ್ನು ಕಡತಕ್ಕೆ ಹಾಕಿ ಕಂಪೈಲ್ ಮಾಡಿದರೆ ಟೈಪ್ ಸಂದಿಗ್ಧವಾಗಿದೆ ಎಂಬ ಉದ್ದದ ದೋಷ ಸಂದೇಶ ಬರುತ್ತದೆ. ಕಾರಣ ಹೀಗಿದೆ. 42 ಎಂಬ ಬರಹ ಹ್ಯಾಸ್ಕೆಲ್‌ನಲ್ಲಿ ಯಾವ ಸಂಖ್ಯಾ ಟೈಪ್ ಬೇಕಾದರೂ ಆಗಬಹುದು. ಸಾಮಾನ್ಯ ಸಂದರ್ಭಗಳಲ್ಲಿ ಕಂಪೈಲರ್ ತಾನೇ ಇಂಟೀಜರ್ ಎಂದು ಹಿಡಿದುಕೊಳ್ಳುತ್ತದೆ, ಆದರೆ ಆ ಸಂಖ್ಯೆಯ ಮೇಲಿರುವ ಟೈಪ್ ಕ್ಲಾಸ್‌ಗಳು (ಟೈಪ್ ಯಾವ ಕೆಲಸಗಳನ್ನು ಮಾಡಬಲ್ಲದಾಗಿರಬೇಕು ಎಂಬ ಷರತ್ತುಗಳು) ಎಲ್ಲ ಭಾಷೆಯ ಪ್ರಮಾಣಿತ ಕ್ಲಾಸ್‌ಗಳಾಗಿದ್ದರೆ ಮಾತ್ರ. ಪ್ರಿಂಟ್‌ಎಫ್ ಹೇರುವ ಪ್ರಿಂಟ್‌ಎಫ್‌ಆರ್ಗ್ ಎಂಬ ಕ್ಲಾಸ್ ಆ ಗುಂಪಿಗೆ ಸೇರಿದ್ದಲ್ಲ. ಜಿಎಚ್‌ಸಿಐಯಲ್ಲಿ ಈ ನಿಯಮ ಸಡಿಲವಾಗಿರುವುದರಿಂದ ಅಲ್ಲಿ ನಡೆದದ್ದು ಇಲ್ಲಿ ನಡೆಯುವುದಿಲ್ಲ. ಪರಿಹಾರ ಸರಳ: ಬರಿಯ ಅಂಕಿ ಬರೆದಲ್ಲೆಲ್ಲ ":: ಇಂಟ್" ಸೇರಿಸಿ. ಸಂಖ್ಯೆ ಟೈಪ್ ಘೋಷಿಸಿರುವ ಫಂಕ್ಷನ್‌ನ ಆರ್ಗ್ಯುಮೆಂಟಾಗಿ ಬಂದಿದ್ದರೆ ಈ ಸೂಚನೆಯೂ ಬೇಡ, ಹಾಗಾಗಿ ಪ್ರಿಂಟ್‌ಎಫ್ ಅನ್ನು ಒಂದು ಸಣ್ಣ ಫಂಕ್ಷನ್‌ನೊಳಗೆ ಮುಚ್ಚಿಡುವುದೇ ಒಳ್ಳೆಯದು:

ತುಂಬು :: ಇಂಟ್ -> ಇಂಟೀಜರ್ -> ಸ್ಟ್ರಿಂಗ್
ತುಂಬು ಅಗಲ ಸಂಖ್ಯೆ = ಪ್ರಿಂಟ್‌ಎಫ್ "%0*ಡಿ" ಅಗಲ ಸಂಖ್ಯೆ

ಪ್ರಿಂಟ್‌ಎಫ್‌ನ ಫಲ ಸ್ಟ್ರಿಂಗ್ ಆಗಬೇಕೋ ನೇರವಾಗಿ ಪರದೆಗೆ ಮುದ್ರಿಸುವ ಕ್ರಿಯೆಯಾಗಬೇಕೋ ಎಂಬುದನ್ನು ನಿರ್ಧರಿಸುವುದೂ ಟೈಪೇ. ಈ ಫಂಕ್ಷನ್‌ನ ಘೋಷಣೆಯಲ್ಲಿ ಸ್ಟ್ರಿಂಗ್ ಎಂದಿರುವುದರಿಂದ ಇಲ್ಲಿ ಸ್ಟ್ರಿಂಗ್ ಬರುತ್ತದೆ.

ಮುಚ್ಚಿಡಬೇಕು ಎಂದದ್ದಕ್ಕೆ ಇನ್ನೂ ದೊಡ್ಡ ಕಾರಣವಿದೆ. ವಿನ್ಯಾಸದ ಸ್ಟ್ರಿಂಗ್ ಒಳಗೆ ಏನು ಬರೆದಿದೆ ಎಂಬುದನ್ನು ಹ್ಯಾಸ್ಕೆಲ್ ಕಂಪೈಲರ್ ಪರೀಕ್ಷಿಸುವುದಿಲ್ಲ. ಎರಡು ಸಂಖ್ಯೆಗಳಿಗೆ ಜಾಗ ಬಿಟ್ಟು ಒಂದನ್ನೇ ಕೊಟ್ಟರೂ, ಪೂರ್ಣಾಂಕದ ಜಾಗದಲ್ಲಿ ಸ್ಟ್ರಿಂಗ್‌ನ ಗುರುತಾದ ಎಸ್ ಬರೆದರೂ ಕಂಪೈಲ್ ಆಗುತ್ತದೆ, ಓಡುವಾಗ ಮುರಿದುಬೀಳುತ್ತದೆ. ಒಕ್ಯಾಮಲ್ ಮತ್ತು ಎಫ್ ಶಾರ್ಪ್ ಭಾಷೆಗಳಲ್ಲಿ ಹಾಗಿಲ್ಲ. ಅಲ್ಲಿಯ ಸ್ಪ್ರಿಂಟ್‌ಎಫ್‌ಗೆ ಕೊಡುವ "%05ಡಿ" ಕಂಪೈಲ್ ಹಂತದಲ್ಲೇ ಪರೀಕ್ಷೆಗೆ ಒಳಗಾಗುತ್ತದೆ. ಈ ಒಂದು ವಿಷಯದಲ್ಲಿ ಅವು ಹ್ಯಾಸ್ಕೆಲ್‌ಗಿಂತ ಮುಂದಿವೆ ಎಂದು ಒಪ್ಪಿಕೊಳ್ಳಲೇಬೇಕು. ಎಲಿಕ್ಸಿರ್‌ನಲ್ಲಿ ಸ್ಟ್ರಿಂಗ್.ಪ್ಯಾಡ್_ಲೀಡಿಂಗ್ ಎಂಬ ಫಂಕ್ಷನ್ ಬಳಸುತ್ತಾರೆ, ಆದರೆ ಅದು ಬರಿಯ ಸ್ಟ್ರಿಂಗ್ ಕೆಲಸವಾದ್ದರಿಂದ -42ಕ್ಕೆ ನಾವು ಮೊದಲು ಕಂಡ "00-42" ಎಂಬ ಫಲವನ್ನೇ ಕೊಡುತ್ತದೆ.

ಟೆಕ್ಸ್ಟ್ ಟೈಪ್ ಬಳಸುವವರಿಗೆ

ನಿಜವಾದ ಪ್ರಾಜೆಕ್ಟ್‌ಗಳಲ್ಲಿ ಸ್ಟ್ರಿಂಗ್‌ಗಿಂತ ಟೆಕ್ಸ್ಟ್ ಟೈಪ್ ಹೆಚ್ಚು ಬಳಕೆಯಲ್ಲಿದೆ. ಅದರ ಮಾಡ್ಯೂಲ್‌ನಲ್ಲಿ ಜಸ್ಟಿಫೈರೈಟ್ ಎಂಬ ಫಂಕ್ಷನ್ ಇದೆ. ಹೆಸರು ಕೆಲವರಿಗೆ ಗೊಂದಲ ಹುಟ್ಟಿಸುತ್ತದೆ: ಅದು ಬರಹವನ್ನು ಬಲಕ್ಕೆ ಒತ್ತುತ್ತದೆ, ಆದ್ದರಿಂದ ತುಂಬುವ ಅಕ್ಷರಗಳು ಎಡಕ್ಕೆ ಬರುತ್ತವೆ. ಜಸ್ಟಿಫೈರೈಟ್ 5 '0' (ಪ್ಯಾಕ್ (ಶೋ 42)) ಎಂದರೆ "00042". ಪ್ಯಾಕ್ ಎಂಬುದು ಸ್ಟ್ರಿಂಗನ್ನು ಟೆಕ್ಸ್ಟ್ ಆಗಿಸುವ ಫಂಕ್ಷನ್. ಋಣ ಸಂಖ್ಯೆಯ ತೊಡಕು ಇಲ್ಲಿಯೂ ಹಾಗೆಯೇ ಇದೆ, ಪರಿಹಾರವೂ ಅದೇ.

ಅಗಲವನ್ನು ಲೆಕ್ಕ ಹಾಕುವುದು

ಅಗಲವನ್ನು ಅಂದಾಜಿನಿಂದ ಬರೆಯುವ ಬದಲು ಮಾಹಿತಿಯಿಂದಲೇ ಪಡೆಯಬಹುದು. ಕಡತಗಳ ಪಟ್ಟಿಯಲ್ಲಿ 312 ಇವೆ ಎಂದರೆ ಅಗಲ 3:

ಅಗಲ = ಲೆಂಗ್ತ್ (ಶೋ (ಲೆಂಗ್ತ್ ಕಡತಗಳು))

ಪಟ್ಟಿ ಖಾಲಿಯಿದ್ದರೂ ಇದು ಮುರಿಯುವುದಿಲ್ಲ, ಸೊನ್ನೆಯ ಬರಹದ ಉದ್ದವಾದ 1ನ್ನು ಕೊಡುತ್ತದೆ. ಇದರ ಬದಲು ಮ್ಯಾಕ್ಸಿಮಮ್ ಬಳಸಿದರೆ ಖಾಲಿ ಪಟ್ಟಿಯ ಮೇಲೆ ದೋಷ ಬರುತ್ತದೆ. ಗಣಿತ ಬಲ್ಲವರು ಲಾಗರಿದಮ್‌ನಿಂದ ಅಂಕಿಗಳನ್ನು ಎಣಿಸಲು ಹೊರಡುವುದನ್ನು ಕಂಡಿದ್ದೇನೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಜಿಎಚ್‌ಸಿಐಯಲ್ಲಿ ಲಾಗ್‌ಬೇಸ್ 10 1000 ಎಂದು ಕೇಳಿ ನೋಡಿ, ಬರುವ ಉತ್ತರ 3 ಅಲ್ಲ, 2.9999999999999996. ಅದನ್ನು ಕೆಳಕ್ಕೆ ಇಳಿಸಿ ಒಂದು ಕೂಡಿಸಿದರೆ 1000 ಎಂಬ ನಾಲ್ಕಂಕಿಯ ಸಂಖ್ಯೆಗೆ ಮೂರೇ ಅಂಕಿ ಎಂದಾಗುತ್ತದೆ. ಬರಹದ ಉದ್ದ ಬೇಕಿದ್ದರೆ ಬರಹವನ್ನೇ ಅಳೆಯಬೇಕು.

ಇನ್ನು ಹೆಸರಿಡುವುದು ಒಂದು ಜಿಪ್‌ವಿತ್‌ನ ಕೆಲಸ: 1ರಿಂದ ಶುರುವಾಗಿ ಮುಗಿಯದೆ ಸಾಗುವ [1..] ಎಂಬ ಪಟ್ಟಿಯನ್ನು ಕಡತಗಳ ಪಟ್ಟಿಯ ಜೊತೆ ಹೊಂದಿಸಿದರೆ, ಕಡತಗಳು ಮುಗಿದಲ್ಲಿಗೆ ಎಣಿಕೆಯೂ ನಿಲ್ಲುತ್ತದೆ.

ಅಗಲ ಮೀರಿದಾಗ

ಈವರೆಗಿನ ಎಲ್ಲ ವಿಧಾನಗಳಲ್ಲೂ ಅಗಲ ಎಂದರೆ ಕನಿಷ್ಠ ಅಗಲ. ಐದರ ಅಗಲಕ್ಕೆ 100000 ಕೊಟ್ಟರೆ ಆರು ಅಕ್ಷರಗಳೇ ಬರುತ್ತವೆ. ಕಡತದ ಹೆಸರಿಗೆ ಇದರಿಂದ ದೊಡ್ಡ ಹಾನಿಯಿಲ್ಲ, ಕ್ರಮ ಮಾತ್ರ ಕೆಡುತ್ತದೆ. ಆದರೆ ಪ್ರತಿ ಕಾಲಂಗೂ ಇಂತಿಷ್ಟೇ ಅಕ್ಷರ ಎಂದು ಗೊತ್ತುಪಡಿಸಿದ ದಾಖಲೆಗಳಲ್ಲಿ ಒಂದು ಅಕ್ಷರ ಹೆಚ್ಚಾದರೆ ಆ ಸಾಲಿನಲ್ಲಿ ಅದರ ಬಲಕ್ಕಿರುವ ಎಲ್ಲ ಕಾಲಂಗಳೂ ಒಂದೊಂದು ಸ್ಥಾನ ಸರಿಯುತ್ತವೆ, ಓದುವ ಪ್ರೋಗ್ರಾಂ ಹಣದ ಮೊತ್ತದ ಮೊದಲಂಕಿಯನ್ನು ಬಿಟ್ಟು ಓದಬಹುದು. ಅಂಥಲ್ಲಿ ಮೌನವಾಗಿ ಮುಂದುವರಿಯುವ ಫಂಕ್ಷನ್ ಸಲ್ಲದು. ಫಲವಿದ್ದರೆ ಜಸ್ಟ್, ಇಲ್ಲದಿದ್ದರೆ ನಥಿಂಗ್ ಎಂದು ಹೇಳುವ ಮೇಬಿ ಟೈಪ್ ಇರುವುದು ಇಂಥ ಸಂದರ್ಭಕ್ಕೇ:

ಖಚಿತತುಂಬು :: ಇಂಟ್ -> ಇಂಟೀಜರ್ -> ಮೇಬಿ ಸ್ಟ್ರಿಂಗ್
ಖಚಿತತುಂಬು ಅಗಲ ಸಂಖ್ಯೆ
  | ಲೆಂಗ್ತ್ ಬರಹ == ಅಗಲ = ಜಸ್ಟ್ ಬರಹ
  | ಅದರ್‌ವೈಸ್ = ನಥಿಂಗ್
  ವೇರ್ ಬರಹ = ತುಂಬು ಅಗಲ ಸಂಖ್ಯೆ

ಈಗ ಇದನ್ನು ಕರೆಯುವವರು ನಥಿಂಗ್ ಬಂದರೆ ಏನು ಮಾಡಬೇಕೆಂದು ಹೇಳದೆ ಸ್ಟ್ರಿಂಗ್ ಪಡೆಯಲು ಆಗುವುದಿಲ್ಲ. ಎರಡನೆಯ ಪ್ರಶ್ನೆಗೆ ಉತ್ತರ ಟೈಪ್‌ನಲ್ಲೇ ಬರೆದಂತಾಯಿತು.

ಸೊನ್ನೆಯಿಂದ ಶುರುವಾಗುವ ಎಲ್ಲವೂ ಸೊನ್ನೆ ತುಂಬಿದ ಸಂಖ್ಯೆಯಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಬೆಂಗಳೂರಿನ ಎಸ್‌ಟಿಡಿ ಸಂಕೇತವಾದ 080ರ ಜೊತೆ ನಾವು ಕೂಡುವ ಕಳೆಯುವ ಲೆಕ್ಕ ಮಾಡುವುದಿಲ್ಲ. ಅದನ್ನು ಇಂಟ್ ಆಗಿ ಉಳಿಸಿಕೊಂಡು ತೋರಿಸುವಾಗ ಮತ್ತೆ ಸೊನ್ನೆ ತುಂಬುವುದು ತಪ್ಪು ದಾರಿ. ಸಂಕೇತವನ್ನು ಮೊದಲಿನಿಂದಲೂ ಸ್ಟ್ರಿಂಗ್ ಆಗಿಯೇ ಇಟ್ಟುಕೊಳ್ಳಬೇಕು. ದಿನಾಂಕಗಳಿಗೂ ಕೈಯಾರೆ ತುಂಬುವ ಅಗತ್ಯವಿಲ್ಲ. ಟೈಮ್ ಪ್ಯಾಕೇಜಿನ ಫಾರ್ಮ್ಯಾಟ್‌ಟೈಮ್ ತಿಂಗಳನ್ನೂ ದಿನವನ್ನೂ ಎರಡಂಕಿಯಲ್ಲೇ ಕೊಡುತ್ತದೆ.

ಪರೀಕ್ಷಿಸುವುದು

ಕ್ವಿಕ್‌ಚೆಕ್ ಎಂಬ ಲೈಬ್ರರಿಯನ್ನು ಕೋಯೆನ್ ಕ್ಲಾಸೆನ್ ಮತ್ತು ಜಾನ್ ಹ್ಯೂಸ್ 2000ದಲ್ಲಿ ಪ್ರಕಟಿಸಿದರು. ಒಂದೊಂದೇ ಉದಾಹರಣೆ ಕೊಡುವ ಬದಲು, ಎಲ್ಲ ಸಂಖ್ಯೆಗಳಿಗೂ ಸತ್ಯವಾಗಬೇಕಾದ ಗುಣವನ್ನು ಹೇಳಿದರೆ ಅದು ತಾನೇ 100 ಯಾದೃಚ್ಛಿಕ ಉದಾಹರಣೆಗಳನ್ನು ಹುಟ್ಟಿಸಿ ಪರೀಕ್ಷಿಸುತ್ತದೆ. ನಮ್ಮ ಫಂಕ್ಷನ್‌ಗೆ ಮುಖ್ಯವಾದ ಗುಣ ಇದು: ತುಂಬಿದ ಬರಹವನ್ನು ರೀಡ್‌ನಿಂದ ತಿರುಗಿ ಓದಿದರೆ ಮೂಲ ಸಂಖ್ಯೆಯೇ ಬರಬೇಕು. ಹ್ಯಾಸ್ಕೆಲ್‌ನಲ್ಲಿ ಮುಂದಿನ ಸೊನ್ನೆ ಎಂಟರ ಮಾನವನ್ನು ಸೂಚಿಸುವುದಿಲ್ಲ, "00042" ಓದಿದರೆ 42 ಎಂದೇ ಆಗುತ್ತದೆ, ಹಾಗಾಗಿ ಈ ಗುಣವನ್ನು ನಿಶ್ಚಿಂತೆಯಿಂದ ಬರೆಯಬಹುದು. "00-42" ಕೊಡುವ ಮೊದಲ ಆವೃತ್ತಿ ಈ ಪರೀಕ್ಷೆಯಲ್ಲಿ ಕೂಡಲೇ ಸಿಕ್ಕಿಬೀಳುತ್ತದೆ. ಆದರೆ ಕ್ವಿಕ್‌ಚೆಕ್ ಸಾಮಾನ್ಯವಾಗಿ ಹುಟ್ಟಿಸುವ ಪೂರ್ಣಾಂಕಗಳು ಸಣ್ಣವು, ಸುಮಾರು -100ರಿಂದ 100ರೊಳಗಿನವು. ಆಬ್ಸ್‌ನ ದೋಷವನ್ನು ಅದು ಕಾಣುವುದಿಲ್ಲ. ಇಂಟ್‌ನ ಕೊನೆಯ ಅಂಚುಗಳಿಗೆ ಪ್ರತ್ಯೇಕ ಉದಾಹರಣೆ ಬರೆಯಬೇಕು.

ಇನ್ನೊಂದು ಗುಣ ಕ್ರಮದ್ದು. ಒಂದೇ ಅಗಲದೊಳಗೆ ಹಿಡಿಯುವ ಎರಡು ಧನ ಸಂಖ್ಯೆಗಳನ್ನು ಹೋಲಿಸಿದ ಫಲವೂ ಅವುಗಳ ತುಂಬಿದ ಬರಹಗಳನ್ನು ಹೋಲಿಸಿದ ಫಲವೂ ಒಂದೇ ಆಗಿರಬೇಕು. ಧನ ಸಂಖ್ಯೆ ಎಂಬ ಷರತ್ತನ್ನು ಬಿಡಬೇಡಿ: "-0007" ಅಕ್ಷರ ಕ್ರಮದಲ್ಲಿ "-0042"ಕ್ಕಿಂತ ಮೊದಲು ಬರುತ್ತದೆ, ಬೆಲೆಯಲ್ಲಿ -42 ಮೊದಲು. ಋಣ ಸಂಖ್ಯೆಗಳೂ ಕ್ರಮವಾಗಿ ಬರಬೇಕಿದ್ದರೆ ಎಲ್ಲಕ್ಕೂ ಒಂದೇ ದೊಡ್ಡ ಸಂಖ್ಯೆಯನ್ನು ಕೂಡಿಸಿ ಧನವಾಗಿಸಿಕೊಂಡು ಆಮೇಲೆ ತುಂಬಬೇಕು.

ಕನ್ನಡ ಅಂಕಿಗಳಲ್ಲಿ

ಪುಟಸಂಖ್ಯೆಯನ್ನು ಕನ್ನಡ ಅಂಕಿಗಳಲ್ಲೇ ತೋರಿಸಬೇಕೆಂದರೆ ಮೊದಲು ಮಾಮೂಲಿ ಅಂಕಿಗಳಲ್ಲಿ ತುಂಬಿ, ನಂತರ ಒಂದೊಂದು ಅಕ್ಷರವನ್ನೂ ಬದಲಿಸುವುದು ಸುಲಭ. ಯೂನಿಕೋಡ್‌ನಲ್ಲಿ '0'ಯ ಸ್ಥಾನ 48, ಕನ್ನಡದ '೦' ಇರುವುದು 3302ರಲ್ಲಿ, ಮುಂದಿನವು ಸಾಲಾಗಿ ೯ರವರೆಗೆ 3311ಕ್ಕೆ ಮುಗಿಯುತ್ತವೆ. ಅಂತರ 3254. ಆರ್ಡ್ ಅಕ್ಷರದ ಸ್ಥಾನಸಂಖ್ಯೆಯನ್ನು ಕೊಡುತ್ತದೆ, ಸಿಎಚ್‌ಆರ್ ಸ್ಥಾನಸಂಖ್ಯೆಯಿಂದ ಅಕ್ಷರವನ್ನು ಕೊಡುತ್ತದೆ:

ಕನ್ನಡಿಸು ಅಕ್ಷರ
  | ಈಸ್‌ಡಿಜಿಟ್ ಅಕ್ಷರ = ಸಿಎಚ್‌ಆರ್ (ಆರ್ಡ್ ಅಕ್ಷರ + 3254)
  | ಅದರ್‌ವೈಸ್ = ಅಕ್ಷರ

ಮ್ಯಾಪ್ ಕನ್ನಡಿಸು (ತುಂಬು 3 7) ಎಂದರೆ "೦೦೭" ಸಿದ್ಧ. ಈಸ್‌ಡಿಜಿಟ್ ಕಾವಲಿರುವುದರಿಂದ ಋಣ ಚಿಹ್ನೆ ಹಾಗೆಯೇ ಉಳಿಯುತ್ತದೆ. ಆದರೆ ಜಿಎಚ್‌ಸಿಐಯಲ್ಲಿ ಇದನ್ನು ಓಡಿಸಿದರೆ ತೆರೆಯ ಮೇಲೆ "\3302\3302\3309" ಎಂದು ಕಾಣಿಸಿ, ಕೋಡ್ ಕೆಟ್ಟಿದೆ ಎಂದು ಹಲವರು ಗಾಬರಿಯಾಗುತ್ತಾರೆ. ಕೋಡ್ ಸರಿಯಾಗಿಯೇ ಇದೆ. ಜಿಎಚ್‌ಸಿಐ ಫಲವನ್ನು ಶೋ ಮೂಲಕ ತೋರಿಸುತ್ತದೆ, ಶೋ ಆಸ್ಕಿಯ (ಮೂಲ ಇಂಗ್ಲಿಷ್ ಅಕ್ಷರಗಳ ಗುಂಪಿನ) ಹೊರಗಿನ ಅಕ್ಷರಗಳನ್ನು ಅವುಗಳ ಸ್ಥಾನಸಂಖ್ಯೆಯಾಗಿ ಬರೆಯುತ್ತದೆ. ಪುಟ್‌ಸ್ಟ್ರಿಂಗ್‌ಎಲ್‌ಎನ್ (putStrLn) ಎಂದು ಓದಬಹುದಾದ ಮುದ್ರಣ ಫಂಕ್ಷನ್‌ಗೆ ಕೊಟ್ಟರೆ ಅಂಕಿಗಳು ಸರಿಯಾಗಿ ಕಾಣುತ್ತವೆ.

ಕನ್ನಡದಲ್ಲಿ ಟೈಪ್ ಮಾಡುವವರು ಎಚ್ಚರ ವಹಿಸಬೇಕಾದ ಸಂಗತಿ ಮತ್ತೊಂದಿದೆ. ಸೊನ್ನೆ '೦' ಮತ್ತು ಅನುಸ್ವಾರ 'ಂ' ನೋಡಲು ಹೆಚ್ಚುಕಡಿಮೆ ಒಂದೇ, ಯೂನಿಕೋಡ್‌ನಲ್ಲಿ ಬೇರೆ ಬೇರೆ. ಅನುಸ್ವಾರದ ಸ್ಥಾನ 3202. ತುಂಬುವ ಅಕ್ಷರವನ್ನು ಕೀಲಿಮಣೆಯಿಂದ ನೇರವಾಗಿ ಹೊಡೆದು ಅನುಸ್ವಾರ ಬಿದ್ದುಬಿಟ್ಟರೆ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ, ಹುಡುಕಿದರೆ ಮಾತ್ರ ಸಿಗುವುದಿಲ್ಲ. ಸ್ಥಾನಸಂಖ್ಯೆಯಿಂದ ಲೆಕ್ಕ ಹಾಕುವ ಮೇಲಿನ ಫಂಕ್ಷನ್ ಈ ಅಪಾಯವನ್ನು ತಪ್ಪಿಸುತ್ತದೆ. ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಒಂದು ಕನ್ನಡ ಅಂಕಿ ಮೂರು ಬೈಟ್ ತೆಗೆದುಕೊಳ್ಳುವುದರಿಂದ, ಅಗಲವನ್ನು ಬೈಟ್‌ಗಳಲ್ಲಿ ಅಳೆಯುವ ದಾಖಲೆಗೆ "೦೦೭" ಒಂಬತ್ತು ಎಂದು ಲೆಕ್ಕ.

ಅಂಕಿಗಳು ಸಾಲಾಗಿ ಇರುವುದರಿಂದ "ಪುಟ-೦೦೨" ಎಂಬುದು "ಪುಟ-೦೧೦"ಕ್ಕಿಂತ ಮೊದಲೇ ಬರುತ್ತದೆ, ಕ್ರಮಕ್ಕೆ ಭಂಗವಿಲ್ಲ. ತಿರುಗಿ ಓದುವಾಗ ಮಾತ್ರ ರೀಡ್ ಕನ್ನಡ ಅಂಕಿಗಳನ್ನು ಒಪ್ಪುವುದಿಲ್ಲ, ಈಸ್‌ಡಿಜಿಟ್ ಕೂಡ '೭'ನ್ನು ಅಂಕಿಯೆಂದು ಗುರುತಿಸುವುದಿಲ್ಲ. ಆದ್ದರಿಂದ ಸ್ಥಾನಸಂಖ್ಯೆ 3302ರಿಂದ 3311ರೊಳಗಿದೆಯೇ ಎಂದು ನೋಡಿ, ಇದ್ದರೆ 3254 ಕಳೆಯುವ ಎದುರು ಫಂಕ್ಷನ್ ಒಂದನ್ನು ಇದೇ ಮಾಡ್ಯೂಲ್‌ನಲ್ಲಿ ಬರೆದು, ಹೋಗಿ ಬಂದ ಸಂಖ್ಯೆ ಒಂದೇ ಎಂಬ ಗುಣವನ್ನು ಕ್ವಿಕ್‌ಚೆಕ್‌ಗೆ ಸೇರಿಸಿ.